ದಾಳಿಂಬೆಯ ಊರಿನ ಊಟ: ಸ್ಪೇನಿನ ಗ್ರನಾಡಾದಲ್ಲಿ ಎಲ್ಲಿ, ಯಾವಾಗ, ಏನು ಉಣ್ಣಬಹುದು?

ಪರದೇಶ ಪ್ರವಾಸಕ್ಕೆ ಹೊರಟ ನಮ್ಮ ಮನೆಗಳಲ್ಲಿ ವೀಸಾ ಮತ್ತು ವಿಮಾನದ ಟಿಕೇಟಿನ ಚಿಂತೆ ಮುಗಿದೊಡನೆಯೇ ಊಟದ ಚಿಂತೆ ಆರಂಭವಾಗುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಚಟ್ನಿಪುಡಿ, ಅವಲಕ್ಕಿ, ಜೊತೆಗೆ ಮುಂಬಯಿ-ಪುಣೆಯ ನೆರೆಹೊರೆಯವರಿಂದ ಕಲಿತ ಥೇಪ್ಲಾ ಸೇರಿಕೊಳ್ಳುತ್ತವೆ. ಯುರೋಪಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ಹಿರಿಯರಿಗಂತೂ ಈ ಚಿಂತೆ ಇನ್ನಷ್ಟು. ಸ್ಪೇನಿನಲ್ಲಿ ಎತ್ತ ನೋಡಿದರೂ ಹಂದಿಮಾಂಸ, ರಾತ್ರಿಯೂಟ ಹತ್ತು ಗಂಟೆಗೆ ಎಂದು ಹೋಗಿ ಬಂದವರು ಹೇಳುವುದುಂಟು. ಎರಡೂ ಮಾತು ನಿಜ. ಆದರೆ ಪೂರ್ತಿ ನಿಜವಲ್ಲ. ಆ ದೇಶದ ಊಟಕ್ಕೆ ತನ್ನದೇ ಆದ ಒಂದು ಕ್ರಮವಿದೆ. ಆ ಕ್ರಮವನ್ನು ಅರಿತು ಹೋದವರು ಹಸಿದು ಮಲಗಬೇಕಾಗಿಲ್ಲ.

ಇದಕ್ಕೆ ಉತ್ತಮ ನಿದರ್ಶನ ದಕ್ಷಿಣ ಸ್ಪೇನಿನ ಗ್ರನಾಡಾ ನಗರ. ಸಿಯೆರ್ರಾ ನೆವಾದಾ ಎಂಬ ಹಿಮಪರ್ವತದ ತಪ್ಪಲಿನಲ್ಲಿರುವ ಈ ಊರಿಗೆ ಲೋಕದ ಜನ ಬರುವುದು ಮುಖ್ಯವಾಗಿ ಅಲಾಂಬ್ರಾ ಅರಮನೆಯನ್ನು ನೋಡಲು. ಅಲಾಂಬ್ರಾ 1984ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಎದುರಿನ ಗುಡ್ಡದ ಮೇಲಿರುವ ಹಳೆಯ ಪೇಟೆ ಅಲ್ಬೈಸಿನ್ 1994ರಲ್ಲಿ ಅದೇ ಪಟ್ಟಿಗೆ ಸೇರ್ಪಡೆಯಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಗ್ರನಾಡಾ ಎಂದರೆ ದಾಳಿಂಬೆ. ನಗರದ ಲಾಂಛನದಲ್ಲಿಯೂ ಈ ಹಣ್ಣು ಇದೆ.

ಮೊದಲು ಗಡಿಯಾರ

ಗ್ರನಾಡಾದಲ್ಲಿ ಊಟಕ್ಕೆ ಸ್ಥಳ ಹುಡುಕುವುದಕ್ಕಿಂತ ಮೊದಲು ಸಮಯ ತಿಳಿಯಬೇಕು. ಬೆಳಗಿನ ಉಪಾಹಾರ ಎಂಟರಿಂದ ಹನ್ನೊಂದರವರೆಗೆ. ಮಧ್ಯಾಹ್ನದ ಊಟ ಎರಡು ಗಂಟೆಯಿಂದ ನಾಲ್ಕರವರೆಗೆ. ಇದೇ ದಿನದ ಮುಖ್ಯ ಊಟ. ಆಮೇಲೆ ಬಹುಪಾಲು ಅಡುಗೆಮನೆಗಳು ಮುಚ್ಚುತ್ತವೆ. ಐದರಿಂದ ಏಳರವರೆಗೆ ಕಾಫಿ ಮತ್ತು ಸಿಹಿತಿಂಡಿ. ರಾತ್ರಿಯ ಅಡುಗೆ ಆರಂಭವಾಗುವುದು ಎಂಟೂವರೆಗೆ. ಊರಿನವರು ಬರುವುದು ಒಂಬತ್ತರ ನಂತರ.

ಈ ತಡಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ಭೂಪಟದಲ್ಲಿ ಸ್ಪೇನ್ ಇಂಗ್ಲೆಂಡಿನ ನೇರಕ್ಕೆ ಕೆಳಗಿದೆ. ಆದರೂ 1940ರಲ್ಲಿ ಫ್ರಾಂಕೋ ಆಡಳಿತ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು. ಅದು ಮತ್ತೆ ಹಿಂದಕ್ಕೆ ಬರಲೇ ಇಲ್ಲ. ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಅಲ್ಲಿ ಬೆಳಕಿರುತ್ತದೆ.

ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊರಿನ ಅಭ್ಯಾಸದಂತೆ ಏಳೂವರೆಗೆ ಔಷಧಿ ತೆಗೆದುಕೊಂಡು ಹೋಟೆಲಿಗಾಗಿ ಅಲೆದರೆ ಬಾಗಿಲು ಮುಚ್ಚಿರುವುದೇ ಕಾಣುತ್ತದೆ. ಹೊರಡುವ ಮೊದಲು ವೈದ್ಯರ ಬಳಿ ಈ ಸಮಯಗಳನ್ನು ಹೇಳಿ ಸಲಹೆ ಪಡೆಯುವುದು ಉಚಿತ. ಮಧ್ಯಾಹ್ನದ ಊಟವನ್ನೇ ಹೊಟ್ಟೆ ತುಂಬ ಮಾಡಿ, ಸಂಜೆ ಲಘುವಾಗಿ ಮುಗಿಸುವುದು ಎಲ್ಲ ವಯಸ್ಸಿನವರಿಗೂ ಹಿತಕರ. ಅಲಾಂಬ್ರಾದ ನಸ್ರಿದ್ ಅರಮನೆಗಳಿಗೆ ಟಿಕೇಟಿನಲ್ಲಿ ನಮೂದಿಸಿದ ಸಮಯದಲ್ಲೇ ಪ್ರವೇಶ. ಆವರಣ ವಿಶಾಲ, ಒಳಗೆ ಆಹಾರದ ಸೌಕರ್ಯ ಕಡಿಮೆ. ಆದ್ದರಿಂದ ಆ ದಿನ ಕೈಚೀಲದಲ್ಲಿ ನೀರು ಮತ್ತು ಸ್ವಲ್ಪ ತಿನಿಸು ಅವಶ್ಯ ಇರಲಿ.

'ಬಾರ್' ಎಂಬ ಮಾತಿಗೆ ಅಂಜಬೇಕಿಲ್ಲ

ನಮ್ಮಲ್ಲಿ ಬಾರ್ ಎಂದೊಡನೆ ಸಂಸಾರಸ್ಥರು ಹಿಂಜರಿಯುತ್ತಾರೆ. ಸ್ಪೇನಿನಲ್ಲಿ ಬಾರ್ ಎಂದರೆ ಓಣಿಯ ಉಪಾಹಾರ ಗೃಹ. ಬೆಳಿಗ್ಗೆ ಅಜ್ಜಿಯರು ಕಾಫಿ ಕುಡಿಯುವುದೂ ಅಲ್ಲೇ, ಸಂಜೆ ಮಕ್ಕಳೊಡನೆ ಕುಟುಂಬ ಕೂರುವುದೂ ಅಲ್ಲೇ. 2011ರಿಂದ ಒಳಗೆ ಧೂಮಪಾನವೂ ನಿಷಿದ್ಧ. ಮುಂಬಯಿಯ ನಮ್ಮ ಉಡುಪಿ ಹೋಟೆಲು ಒಂದು ಕಾಲದಲ್ಲಿ ಬಡಾವಣೆಯ ಜನರಿಗೆ ಹೇಗಿತ್ತೋ ಅಲ್ಲಿನವರಿಗೆ ಬಾರ್ ಹಾಗೆ.

ಗ್ರನಾಡಾಕ್ಕೆ ಪ್ರಸಿದ್ಧಿ ತಂದ ಪದ್ಧತಿಯೊಂದು ಈ ಬಾರ್‌ಗಳಲ್ಲಿದೆ. ಒಂದು ಪಾನೀಯಕ್ಕೆ ಹೇಳಿದರೆ ಅದರೊಂದಿಗೆ ಸಣ್ಣ ತಟ್ಟೆಯಲ್ಲಿ ಒಂದು ತಿನಿಸು ಉಚಿತವಾಗಿ ಬರುತ್ತದೆ. ಇದಕ್ಕೆ ತಾಪಾ ಎಂದು ಹೆಸರು. ಸ್ಪೇನಿನ ಬಹಳಷ್ಟು ಊರುಗಳಲ್ಲಿ ತಾಪಾಗೆ ಪ್ರತ್ಯೇಕ ಹಣ ಕೊಡಬೇಕು. ಗ್ರನಾಡಾದಲ್ಲಿ ಉಚಿತ ತಾಪಾದ ರೂಢಿ ಇನ್ನೂ ಉಳಿದಿದೆ. ಎರಡನೆಯ ಸಲ ಪಾನೀಯ ತರಿಸಿದರೆ ಬೇರೊಂದು ತಾಪಾ, ಮೂರನೆಯ ಸಲಕ್ಕೆ ಮತ್ತೊಂದು. ಮೂರು ಯೂರೋ ಆಸುಪಾಸಿನಲ್ಲಿ ಒಂದು ಪಾನೀಯ, ಒಂದು ತಾಪಾ ಎರಡೂ ಆಗುತ್ತವೆ. ವಿದ್ಯಾರ್ಥಿಗಳು ಹೀಗೆಯೇ ರಾತ್ರಿಯ ಊಟ ಮುಗಿಸುವುದುಂಟು.

ಮದ್ಯಪಾನ ಮಾಡದವರು ಈ ಪದ್ಧತಿಯಿಂದ ಹೊರಗುಳಿಯಬೇಕಿಲ್ಲ. ತಂಪು ಪಾನೀಯಕ್ಕೂ ಸಾಮಾನ್ಯವಾಗಿ ತಾಪಾ ಬರುತ್ತದೆ. ಹುಳಿಯದ ದ್ರಾಕ್ಷಿರಸಕ್ಕೆ 'ಮೊಸ್ತೊ' ಎನ್ನುತ್ತಾರೆ; ಹಿರಿಯರೂ ಮಕ್ಕಳೂ ಕುಡಿಯಬಹುದಾದ ರುಚಿಕರ ಪಾನೀಯ. ಕಾಫಿಗೆ ಮಾತ್ರ ತಾಪಾ ನಿರೀಕ್ಷಿಸಬಾರದು.

ಉಚಿತವಾದುದರಿಂದ ಬಹಳ ಕಡೆ ತಾಪಾ ಯಾವುದೆಂಬುದನ್ನು ಅಡುಗೆಯವನೇ ನಿರ್ಧರಿಸುತ್ತಾನೆ. ಸಸ್ಯಾಹಾರಿಗಳು ತೊಡಕಿಗೆ ಸಿಲುಕುವುದು ಇಲ್ಲಿಯೇ. ಪಾನೀಯ ಕೇಳುವಾಗಲೇ, ತಟ್ಟೆ ಬರುವ ಮೊದಲೇ, ಹೇಳಬೇಕು: "ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೋನ್." ಮಾಂಸ ತಿನ್ನುವುದಿಲ್ಲ, ಮೀನೂ ಇಲ್ಲ, ಹಾಮೋನ್ ಸಹ ಇಲ್ಲ ಎಂದು ಇದರ ಅರ್ಥ. ಹಾಮೋನ್ ಎಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ಅದನ್ನು ಪ್ರತ್ಯೇಕವಾಗಿ ಹೇಳದಿದ್ದರೆ, ಮಾಂಸ ಬೇಡವೆಂದವರ ತಟ್ಟೆಗೂ ಅದರ ಚೂರುಗಳು ಬೀಳಬಹುದು. ಅಲ್ಲಿನ ಬಳಕೆಯ ಮಾತಿನಲ್ಲಿ ಹಾಮೋನ್ ಮಾಂಸದ ಲೆಕ್ಕಕ್ಕೆ ಬಾರದೆ ಒಗ್ಗರಣೆಯ ಲೆಕ್ಕಕ್ಕೆ ಸೇರಿಬಿಡುವುದುಂಟು.

ಹಂದಿಮಾಂಸ ಇಷ್ಟೊಂದು ಏಕೆ?

ಗ್ರನಾಡಾದಲ್ಲಿ ಕುಳಿತು ಈ ಪ್ರಶ್ನೆ ಕೇಳಿದರೆ ಉತ್ತರ ಇತಿಹಾಸದಲ್ಲಿ ಸಿಗುತ್ತದೆ. 1238ರಿಂದ 1492ರವರೆಗೆ ಇಲ್ಲಿ ಆಳಿದವರು ನಸ್ರಿದ್ ಸುಲ್ತಾನರು. ಮುಸ್ಲಿಮರೂ ಯಹೂದಿಗಳೂ ನೆಲೆಸಿದ್ದ ಊರು ಇದು. ಎರಡೂ ಸಮುದಾಯಗಳ ಧರ್ಮದಲ್ಲಿ ಹಂದಿಮಾಂಸ ವರ್ಜ್ಯ. 1492ರ ಜನವರಿ 2ರಂದು ನಗರ ಇಸಾಬೆಲ್ ಮತ್ತು ಫರ್ಡಿನಾಂಡ್ ದಂಪತಿಗಳ ವಶವಾಯಿತು. ಶರಣಾಗತಿಯ ಒಪ್ಪಂದದಲ್ಲಿ ಮುಸ್ಲಿಮರ ಧರ್ಮಕ್ಕೆ ರಕ್ಷಣೆಯ ಮಾತು ಕೊಡಲಾಗಿತ್ತು. ಅದೇ ವರ್ಷ ಮಾರ್ಚ್ 31ರಂದು ಯಹೂದಿಗಳನ್ನು ಹೊರಹಾಕುವ ಆಜ್ಞೆ ಅಲಾಂಬ್ರಾದಿಂದಲೇ ಹೊರಟಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಮುಸ್ಲಿಮರಿಗೂ ಕೊಟ್ಟ ಮಾತು ಮುರಿದು ಬಿತ್ತು. ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಸ್ಥಿತಿ ಬಂತು.

ಮತಾಂತರವಾದವರ ಅಡುಗೆಮನೆಯ ಮೇಲೂ ಧರ್ಮವಿಚಾರಣಾ ಮಂಡಳಿ ಕಣ್ಣಿಟ್ಟಿತ್ತು. ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡುವುದು, ಹಂದಿಮಾಂಸವನ್ನೂ ಮದ್ಯವನ್ನೂ ನಿರಾಕರಿಸುವುದು ಸಂಶಯಕ್ಕೆ ಕಾರಣವಾಗುತ್ತಿತ್ತು. ನೆರೆಯವರು ದೂರು ಕೊಟ್ಟರೆ ವಿಚಾರಣೆ. ಹೀಗೆ ತಟ್ಟೆಯಲ್ಲಿ ಏನಿದೆ ಎಂಬುದೇ ಮನುಷ್ಯನ ನಂಬಿಕೆಗೆ ಸಾಕ್ಷಿಯಾದ ಕಾಲ ಅದು. 1567ರಲ್ಲಿ ಅರಬ್ಬಿ ಭಾಷೆ ಮತ್ತು ಉಡುಪು ನಿಷೇಧಕ್ಕೊಳಗಾದವು. 1568ರಲ್ಲಿ ದಂಗೆ ಎದ್ದಿತು. ಅದು ಅಡಗಿದ ಮೇಲೆ ಅವರನ್ನು ಗ್ರನಾಡಾದಿಂದ ಚದುರಿಸಲಾಯಿತು. 1609ರಿಂದ 1614ರ ನಡುವೆ ಇಡೀ ದೇಶದಿಂದಲೇ ಹೊರದೂಡಲಾಯಿತು. ಬಾರ್‌ನ ಮಾಡಿನಿಂದ ತೂಗುವ ಹಾಮೋನ್ ಇಂದು ಅಲ್ಲಿನವರಿಗೆ ಕೇವಲ ರುಚಿಯ ವಸ್ತು, ಅದರಲ್ಲಿ ಯಾರನ್ನೂ ನೋಯಿಸುವ ಉದ್ದೇಶವಿಲ್ಲ. ಆದರೆ ಅದು ಇಷ್ಟು ಸರ್ವವ್ಯಾಪಿಯಾದುದರ ಹಿಂದೆ ಈ ಕಥೆಯೂ ಇದೆ.

ಯಾವ ಬೀದಿಯಲ್ಲಿ ಏನು?

ನಗರದ ಮಧ್ಯಭಾಗದಲ್ಲಿ, ನಗರಸಭೆಯ ಪಕ್ಕದಲ್ಲೇ ಆರಂಭವಾಗುವ ಕಾಯೆ ನಾವಾಸ್ ಎಂಬ ಇಕ್ಕಟ್ಟಾದ ಬೀದಿ ತಾಪಾಗಳಿಗೆ ಹೆಸರಾದುದು. 1942ರಲ್ಲಿ ಆರಂಭವಾದ ಲೋಸ್ ದಿಯಾಮಾಂತೆಸ್ ಇರುವುದು ಇಲ್ಲಿ. ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ಸಣ್ಣ ಮೀನುಗಳು ಇದರ ವಿಶೇಷ. ಇಲ್ಲಿ ನಿಂತು ತಿನ್ನುವವರೇ ಹೆಚ್ಚು. ಕರಾವಳಿ ಮೂಲದ ನಮ್ಮ ಮತ್ಸ್ಯಪ್ರಿಯರಿಗೆ ಈ ಬೀದಿ ಒಗ್ಗುತ್ತದೆ. ಮಸಾಲೆ ಮಾತ್ರ ಇರುವುದಿಲ್ಲ, ಉಪ್ಪು ಮತ್ತು ಲಿಂಬೆ ಅಷ್ಟೆ.

ಪ್ಲಾಸಾ ನುವೇವಾ ಚೌಕದ ಬಳಿ ಬೊದೆಗಾಸ್ ಕಾಸ್ತಾನ್ಯೇದಾ ಇದೆ. ಸಾಲಾಗಿ ಜೋಡಿಸಿದ ಪೀಪಾಯಿಗಳು, ತೂಗುವ ಹಾಮೋನ್, ಗದ್ದಲ ಇವೆಲ್ಲ ಹಳೆಯ ಕಾಲದ ಬಾರ್‌ನ ಚಿತ್ರವನ್ನು ಕಣ್ಣಿಗೆ ಕಟ್ಟುತ್ತವೆ. ಶುದ್ಧ ಸಸ್ಯಾಹಾರಿಗಳಿಗೆ ಒಳಗೆ ಕಿರಿಕಿರಿ ಎನಿಸಬಹುದು.

ಅಲ್ಲಿಂದ ಅನತಿ ದೂರದಲ್ಲಿ ಅಲ್ಬೈಸಿನ್ ಗುಡ್ಡ ಹತ್ತುವ ಕಾಲ್ದೆರೆರಿಯಾ ನುವೇವಾ ಓಣಿ. ಇದು ಮೊರಾಕ್ಕೋ ರೀತಿಯ ಚಹಾ ಅಂಗಡಿಗಳ ಸಾಲು. ಪುದೀನಾ ಚಹಾ, ಬಾದಾಮಿ ಮತ್ತು ಜೇನಿನ ಸಿಹಿ, ತರಕಾರಿ ಹಾಕಿದ ಕೂಸ್‌ಕೂಸ್ ದೊರೆಯುತ್ತವೆ. ಹಲಾಲ್ ಆಹಾರ ಬಯಸುವವರಿಗೂ ಇದೇ ಅನುಕೂಲದ ಸ್ಥಳ. ಐದು ಶತಮಾನಗಳ ನಂತರ ಅಲ್ಬೈಸಿನ್‌ನಲ್ಲಿ ಮತ್ತೆ ಮಸೀದಿಯೊಂದು ತೆರೆದದ್ದು 2003ರಲ್ಲಿ. ಗುಡ್ಡದ ಮೇಲಿನ ಪ್ಲಾಸಾ ಲಾರ್ಗಾ ಚೌಕದ ಸುತ್ತ ಸಾಧಾರಣ ದರದ ಬಾರ್‌ಗಳಿವೆ. ಅಲಾಂಬ್ರಾದ ನೋಟವಿರುವ ಉದ್ಯಾನಗೃಹಗಳಿಗೆ 'ಕಾರ್ಮೆನ್' ಎಂಬ ಹೆಸರು. ಅವುಗಳಲ್ಲಿ ಕೆಲವು ಈಗ ಭೋಜನಶಾಲೆಗಳಾಗಿವೆ. ಅಲ್ಲಿ ನೋಟಕ್ಕೂ ಸೇರಿಸಿ ಬೆಲೆ ತೆರಬೇಕು.

ಅಲಾಂಬ್ರಾ ಗುಡ್ಡದ ಇನ್ನೊಂದು ಮಗ್ಗುಲಿನ ರೆಯಾಲೆಹೊ ಹಿಂದಿನ ಯಹೂದಿಗಳ ಕೇರಿ. ಇಲ್ಲಿನ ಕಾಂಪೊ ದೆಲ್ ಪ್ರಿನ್ಸಿಪೆ ವಿಶಾಲವಾದ ಚೌಕ. ಮಕ್ಕಳು ಆಡಿಕೊಂಡಿರಲು, ಹಿರಿಯರು ಹೊರಗೆ ಕುರ್ಚಿಯಲ್ಲಿ ಕುಳಿತು ಸಾವಕಾಶವಾಗಿ ಉಣ್ಣಲು ಯೋಗ್ಯ ಸ್ಥಳ.

ಸಾಹಿತ್ಯಾಸಕ್ತರು ಪ್ಲಾಸಾ ದೆಲ್ ಕಾಂಪಿಯೊದಲ್ಲಿರುವ ಚಿಕಿತೊ ಭೋಜನಶಾಲೆಯನ್ನು ನೋಡಬೇಕು. ಇದೇ ಸ್ಥಳದಲ್ಲಿ ಹಿಂದೆ ಕಾಫೆ ಅಲಾಮೆದಾ ಇತ್ತು. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮತ್ತು ಗೆಳೆಯರು 1920ರ ಹೊತ್ತಿಗೆ ಇದರ ಒಂದು ಮೂಲೆಯ ಮೇಜಿನ ಸುತ್ತ ಸೇರುತ್ತಿದ್ದರು. ಆ ಕೂಟಕ್ಕೆ 'ಎಲ್ ರಿಂಕೊನ್ಸಿಯೊ', ಅಂದರೆ ಪುಟ್ಟ ಮೂಲೆ, ಎಂದೇ ಹೆಸರಾಯಿತು. ಆ ಕವಿಯನ್ನು ಅಂತರ್ಯುದ್ಧದ ಆರಂಭದಲ್ಲಿ, 1936ರ ಆಗಸ್ಟಿನಲ್ಲಿ, ಗ್ರನಾಡಾದ ಸಮೀಪವೇ ಕೊಲ್ಲಲಾಯಿತು.

ಸಸ್ಯಾಹಾರಿಗಳು ಧೈರ್ಯವಾಗಿ ಕೇಳಬಹುದಾದವು

ಬೆಳಿಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ ಮತ್ತು ಅರೆದ ಟೊಮೆಟೊ ಹಾಕಿ ಕೊಡುವ 'ತೊಸ್ತಾದಾ ಕೊನ್ ತೊಮಾತೆ' ಎಲ್ಲೆಡೆ ಸಿಗುತ್ತದೆ. ಬಿಬ್ ರಾಂಬ್ಲಾ ಚೌಕದ ಕಾಫಿಗೃಹಗಳಲ್ಲಿ ದೊರೆಯುವ ಚುರ್ರೋಸ್ ಹಿಟ್ಟು, ನೀರು, ಉಪ್ಪಿನಿಂದ ಮಾಡಿ ಎಣ್ಣೆಯಲ್ಲಿ ಕರಿದದ್ದು; ನೋಟಕ್ಕೆ ದಪ್ಪ ಚಕ್ಕುಲಿಯ ಎಳೆಯಂತೆ. ಗಟ್ಟಿ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ.

ಮಧ್ಯಾಹ್ನಕ್ಕೆ 'ಪಾಪಾಸ್ ಆ ಲೊ ಪೊಬ್ರೆ', ಅಂದರೆ ಬಡವರ ಆಲೂಗಡ್ಡೆ. ಆಲೂಗಡ್ಡೆ, ದೊಣ್ಣೆಮೆಣಸು, ಈರುಳ್ಳಿಗಳನ್ನು ಆಲಿವ್ ಎಣ್ಣೆಯಲ್ಲಿ ಮೆಲ್ಲನೆ ಬೇಯಿಸಿದ್ದು. ಬೇಸಿಗೆಯಲ್ಲಿ ಟೊಮೆಟೊದ ತಣ್ಣನೆಯ ಸಾರು ಗಾಸ್ಪಾಚೊ. ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು ಅರೆದು ಮಾಡಿದ ಬಿಳಿಯ ಸಾರು ಅಹೊಬ್ಲಾಂಕೊ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ 'ತೊರ್ತಿಯಾ ದೆ ಪಾತಾತಾಸ್' ಉತ್ತಮ ಆಧಾರ.

ಎಚ್ಚರ ಬೇಕಾದವೂ ಇವೆ. 'ತೊರ್ತಿಯಾ ದೆಲ್ ಸಾಕ್ರೊಮೊಂತೆ' ಹೆಸರಿನಲ್ಲಿ ಆಮ್ಲೆಟ್ ಆದರೂ ಅದರಲ್ಲಿ ಕುರಿ ಮುಂತಾದವುಗಳ ಮಿದುಳು ಮತ್ತು ಒಳ ಅಂಗಗಳಿರುತ್ತವೆ. 'ವೆಹೆತಾಲ್' ಎಂದು ಬರೆದ ಸ್ಯಾಂಡ್‌ವಿಚ್ಚಿನಲ್ಲಿ ತರಕಾರಿಯ ಜೊತೆ ಟ್ಯೂನಾ ಮೀನು ಇರಬಹುದು. ಮಿಶ್ರ ಸಲಾಡಿನಲ್ಲಿಯೂ ಹಾಗೆಯೇ. ಸಾಲ್ಮೊರೆಹೊ ಎಂಬ ಗಟ್ಟಿ ಟೊಮೆಟೊ ಸಾರಿನ ಮೇಲೆ ಹಾಮೋನ್ ಚೂರು ಉದುರಿಸುತ್ತಾರೆ. 'ಸಿನ್ ಹಾಮೋನ್' ಎಂದು ಹೇಳಿದರೆ ಇಲ್ಲದೆ ಕೊಡುತ್ತಾರೆ. ಕಿತ್ತಳೆ ಹಣ್ಣಿನ ರೆಮೊಹೋನ್ ಎಂಬ ಸಲಾಡಿನಲ್ಲಿ ಉಪ್ಪುಮೀನು ಇರುತ್ತದೆ. ಕರಿದ ತಿಂಡಿಗಳಿಗೂ ಮೀನಿಗೂ ಒಂದೇ ಬಾಣಲೆ ಇರಬಹುದೆಂಬುದನ್ನು ಕಟ್ಟುನಿಟ್ಟಿನವರು ಗಮನದಲ್ಲಿಡಬೇಕು.

ಭಾರತದಿಂದ ತುಪ್ಪ, ಪೇಡೆ ಒಯ್ಯುವ ಯೋಚನೆಯನ್ನು ಬಿಡುವುದೇ ಲೇಸು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ಸಾಮಾನಿನಲ್ಲಿ ತರಲು ನಿಯಮ ಅನುಮತಿಸುವುದಿಲ್ಲ.

ಸಿಹಿಯ ವಿಚಾರ

ಗ್ರನಾಡಾದ ಸಿಹಿತಿಂಡಿಗಳಲ್ಲಿ ಪ್ರಸಿದ್ಧವಾದುದು ಪಿಯೊನೊನೊ. ಸಮೀಪದ ಸಾಂತಾ ಫೇ ಪಟ್ಟಣದಲ್ಲಿ 1897ರಲ್ಲಿ ಹುಟ್ಟಿದ ಈ ಪುಟ್ಟ ಕೇಕಿಗೆ ಒಂಬತ್ತನೆಯ ಪಯಸ್ ಎಂಬ ಪೋಪರ ಹೆಸರನ್ನಿಟ್ಟರು. ಅದನ್ನು ರೂಪಿಸಿದ ಕಾಸಾ ಇಸ್ಲಾ ಅಂಗಡಿ ಇಂದಿಗೂ ನಡೆಯುತ್ತಿದೆ. ಮೊಟ್ಟೆ ಇರುತ್ತದೆ. ಮಹಾಚರ್ಚಿನ ಬಳಿ ಗ್ರಾನ್ ವಿಯಾ ಬೀದಿಯಲ್ಲಿ 1936ರಿಂದ ಇರುವ ಲೋಸ್ ಇತಾಲಿಯಾನೋಸ್ ಐಸ್‌ಕ್ರೀಮಿಗೆ ಹೆಸರಾದುದು. ಚಳಿಗಾಲದಲ್ಲಿ ಅಂಗಡಿ ಮುಚ್ಚಿರುತ್ತದೆ.

ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ತಯಾರಾಗುವ ಸಿಹಿಗಳೂ ಉಂಟು. ಗೋಡೆಯಲ್ಲಿನ ತಿರುಗುವ ಮರದ ಗೂಡಿನಲ್ಲಿ ಹಣವಿಟ್ಟರೆ ಅದು ತಿರುಗಿ ಸಿಹಿಯ ಪೊಟ್ಟಣ ಬರುತ್ತದೆ, ಕೊಟ್ಟವರ ಮುಖ ಕಾಣುವುದಿಲ್ಲ. ಆದರೆ ಮಾಂತೆಕಾದೊ, ಪೊಲ್ವೊರೋನ್ ಎಂಬ ಪುಡಿಪುಡಿಯಾದ ಬಿಸ್ಕತ್ತುಗಳನ್ನು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಲ್ಲಿ ಮಾಡುತ್ತಾರೆ. 'ಮಾಂತೆಕಾ' ಎಂದರೆ ಹಂದಿಕೊಬ್ಬು, 'ಮಾಂತೆಕಿಯಾ' ಎಂದರೆ ಬೆಣ್ಣೆ. ಪೊಟ್ಟಣದ ಮೇಲಿನ ಈ ಎರಡು ಪದಗಳ ವ್ಯತ್ಯಾಸವನ್ನು ಸಸ್ಯಾಹಾರಿಗಳು ನೆನಪಿನಲ್ಲಿಡಬೇಕು.

ಖರ್ಚು ಮತ್ತು ರೀತಿನೀತಿ

ಮಿತವ್ಯಯದ ಪೂರ್ಣ ಊಟಕ್ಕೆ 'ಮೆನು ದೆಲ್ ದಿಯಾ' ಎಂಬ ನಿಗದಿತ ಬೆಲೆಯ ಮಧ್ಯಾಹ್ನದ ಊಟ ಒಳ್ಳೆಯದು. 1960ರ ದಶಕದಲ್ಲಿ ಪ್ರವಾಸಿಗರಿಗಾಗಿ ಸರಕಾರವೇ ತಂದ ವ್ಯವಸ್ಥೆಯಿಂದ ಬೆಳೆದ ಪದ್ಧತಿ ಇದು. ಎರಡು ಬಗೆಯ ಅಡುಗೆ, ಬ್ರೆಡ್ಡು, ಪಾನೀಯ, ಕೊನೆಗೆ ಸಿಹಿ ಅಥವಾ ಕಾಫಿ. ಬಹುಮಟ್ಟಿಗೆ ವಾರದ ದಿನಗಳಲ್ಲಿ ಮಾತ್ರ ಲಭ್ಯ. ಮೊದಲ ಬಡಿಸಿಕೆಯ ಪಟ್ಟಿಯಲ್ಲಿ ಸಾರು, ಸಲಾಡು, ಬೇಳೆಕಾಳಿನ ಪದಾರ್ಥಗಳಿರುತ್ತವೆ. ಸಸ್ಯಾಹಾರಿಗಳು ಅದರಿಂದಲೇ ಎರಡನ್ನು ಕೊಡುವಂತೆ ವಿನಂತಿಸಬಹುದು. ಬೇಳೆಕಾಳಿನಲ್ಲಿ ಹಂದಿಮಾಂಸದ ತುಣುಕು ಇದೆಯೇ ಎಂದು ಮೊದಲೇ ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಾಕು. ಕೇಳುವವರೆಗೆ ಬಿಲ್ಲು ತರುವುದಿಲ್ಲ. ಅದು ಅಲಕ್ಷ್ಯವಲ್ಲ, ಅತಿಥಿಯನ್ನು ಎಬ್ಬಿಸಬಾರದೆಂಬ ಸೌಜನ್ಯ.

ಕೊನೆಗೊಂದು ತಟ್ಟೆ ಬದನೆಕಾಯಿ

ಗ್ರನಾಡಾದಲ್ಲಿ ಒಂದೇ ಒಂದು ತಿನಿಸನ್ನು ರುಚಿ ನೋಡುವ ಅವಕಾಶವಿದ್ದರೆ ಅದು 'ಬೆರೆಂಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ' ಆಗಿರಲಿ. ಬದನೆಕಾಯಿಯನ್ನು ಹೆಚ್ಚಿ, ಹಿಟ್ಟು ಸವರಿ, ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಪಾಕವನ್ನು ಎಳೆಯಾಗಿ ಬಿಡುತ್ತಾರೆ. ಆ ಪಾಕ ನಮ್ಮ ಮಲೆನಾಡಿನ ಜೋನಿಬೆಲ್ಲದ ಹತ್ತಿರದ ಸಂಬಂಧಿ; ಬಣ್ಣ ಮಾತ್ರ ಇನ್ನೂ ಕಪ್ಪು.

ಕಬ್ಬೂ ಬದನೆಯೂ ಭಾರತದ ಕಡೆಯಿಂದ ಪರ್ಷಿಯಾ ದಾಟಿ ಅರಬರ ಕೈಯಲ್ಲಿ ಸ್ಪೇನ್ ತಲುಪಿದ ಬೆಳೆಗಳು. ಸ್ಪ್ಯಾನಿಷ್‌ನ 'ಅಸೂಕಾರ್' ಅರಬ್ಬಿಯ 'ಸುಕ್ಕರ್'ನಿಂದ ಬಂದದ್ದು. ಅದರ ಮೂಲ ಸಂಸ್ಕೃತದ 'ಶರ್ಕರಾ'. ನಮ್ಮ 'ಸಕ್ಕರೆ'ಯ ಮೂಲವೂ ಅದೇ. ಗ್ರನಾಡಾದ ಕಡಲತೀರದಲ್ಲಿ ಸುಮಾರು ಸಾವಿರ ವರ್ಷ ಬೆಳೆದ ಕಬ್ಬಿನ ಕೊನೆಯ ಕಾರ್ಖಾನೆ 2006ರಲ್ಲಿ ಮುಚ್ಚಿತು. ಇಂದು ಅದೇ ತೀರದಲ್ಲಿ ಮಾವು ಮತ್ತು ಸೀತಾಫಲದ ಜಾತಿಯ ಚಿರಿಮೋಯಾ ಬೆಳೆಯುತ್ತವೆ.

ಎದುರು ದಿಕ್ಕಿನ ಪ್ರಯಾಣವೂ ಇಲ್ಲಿಂದಲೇ ನಡೆಯಿತು. ಪಿಯೊನೊನೊ ಹುಟ್ಟಿದ ಸಾಂತಾ ಫೇಯಲ್ಲಿ 1492ರ ಏಪ್ರಿಲ್ 17ರಂದು ಕೊಲಂಬಸನಿಗೆ ಯಾತ್ರೆಯ ಒಪ್ಪಂದ ದೊರೆಯಿತು. ಭಾರತದ ಸಂಬಾರ ಪದಾರ್ಥ ಹುಡುಕಿ ಹೊರಟವನಿಗೆ ಸಿಕ್ಕಿದ್ದು ಅಮೆರಿಕದ ಮೆಣಸಿನಕಾಯಿ. ಸ್ಪ್ಯಾನಿಷರು ಕರಿಮೆಣಸಿನ 'ಪಿಮಿಯೆಂತಾ' ಪದವನ್ನೇ ತಿದ್ದಿ ಅದನ್ನು 'ಪಿಮಿಯೆಂತೊ' ಎಂದರು. ಮುಂದೆ ಅದು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಾಗ ನಾವೂ 'ಮೆಣಸಿ'ಗೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಎಂದೆವು.

ಗ್ರನಾಡಾದಿಂದ ಜನರನ್ನು ಹೊರದೂಡಿದರು, ಅವರ ಭಾಷೆಯನ್ನು ನಿಷೇಧಿಸಿದರು. ಆದರೆ ಅವರು ತಂದ ಬದನೆ, ಕಬ್ಬು, ಬಾದಾಮಿಯ ಸಿಹಿ, ಎಣ್ಣೆಯಲ್ಲಿ ಕರಿಯುವ ಹದ ಇವು ಅಡುಗೆಮನೆಯಲ್ಲಿ ಉಳಿದುಕೊಂಡವು. ಒಮ್ಮೆ ಸಂಶಯಕ್ಕೆ ಕಾರಣವಾಗಿದ್ದ ಎಣ್ಣೆಯ ಅಡುಗೆಯೇ ಇಂದು ಆ ನಾಡಿನ ಹೆಮ್ಮೆ. ಹುಟ್ಟಿದ ಊರಿನಿಂದ ದೂರ ನೆಲೆಸಿ, ಮನೆಯ ಅಡುಗೆಯನ್ನೂ ಅದರ ಹೆಸರುಗಳನ್ನೂ ಉಳಿಸಿಕೊಂಡು ಬಂದಿರುವ ನಮ್ಮ ಕುಟುಂಬಗಳಿಗೆ ಈ ತಟ್ಟೆಯ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಟ್ನಿಪುಡಿ ಪೆಟ್ಟಿಗೆಯಲ್ಲಿರಲಿ, ಅದರ ಜೊತೆಗೆ ಬೆರೆಂಹೇನಾ ಎಂಬ ಒಂದು ಪದ ನಾಲಿಗೆಯ ಮೇಲಿರಲಿ. ಪ್ರಯಾಣ ಸುಖಕರವಾಗಲಿ.